ಎಂಟು ಗಂಟೆಯ ನೀರು

ನೇತ್ರಾ ಉದ್ದನೆಯ ಕಾಗದವನ್ನು ಮೇಜಿನ ಮೇಲೆ ಹರವಿ, ಫ್ಯಾನಿನ ಗಾಳಿಗೆ ಹಾರದಂತೆ ಒಂದು ಮೂಲೆಗೆ ಸ್ಟೇಪ್ಲರನ್ನೂ ಇನ್ನೊಂದು ಮೂಲೆಗೆ ತನ್ನ ಮೊಬೈಲನ್ನೂ ಇಟ್ಟು, "ನೋಡ್ರಿ ಸರ್, ಈ ಹನ್ನೊಂದು ವರ್ಷ ನಮ್ಮ ಹೊಳಿಗೆ ಏನೋ ಆಗೈತಿ" ಎಂದಾಗ ಮಧುಸೂದನನ ಹೊಟ್ಟೆಯಲ್ಲಿ ಏನೋ ಜಾರಿದಂತಾಯಿತು. ಹಸಿವು ಅಂದುಕೊಂಡ. ಅವತ್ತು ಏಕಾದಶಿ; ಬೆಳಗಿನಿಂದ ತೊಟ್ಟು ನೀರೂ ಗಂಟಲಿಗೆ ಇಳಿದಿರಲಿಲ್ಲ. ಮೇ ತಿಂಗಳ ಬಳ್ಳಾರಿಯಲ್ಲಿ ಐವತ್ತೊಂಬತ್ತು ದಾಟಿದ ದೇಹವನ್ನು ಹಾಗೆ ಒಣಗಿಸುವುದು ಹುಡುಗಾಟವಲ್ಲ. ಆದರೆ ಹಸಿವು ಹೀಗೆ ಬೆನ್ನಿನ ಕಡೆಯಿಂದ ಬರುವುದಿಲ್ಲ, ಅಂಗೈ ಬೆವರಿಸುವುದಿಲ್ಲ. ಕಾಗದದ ಮೇಲಿನ ನೀಲಿ ಗೆರೆ ತೊಂಬತ್ತೊಂದರ ತನಕ ಸುಮ್ಮನೆ ಬಂದು, ಅಲ್ಲಿ ಇದ್ದಕ್ಕಿದ್ದಂತೆ ತಲೆಯೆತ್ತಿ, ಎರಡು ಸಾವಿರದ ಎರಡಕ್ಕೆ ಮತ್ತೆ ತಲೆ ತಗ್ಗಿಸಿಕೊಂಡಿತ್ತು. ಆ ಹನ್ನೊಂದು ವರ್ಷ ಸಿರುಗುಪ್ಪದಲ್ಲಿ ಹೊಳೆಯ ಮಟ್ಟ ಬರೆಯುವ ಪುಸ್ತಕಕ್ಕೆ ವಾರವಾರವೂ 'ಪರಿಶೀಲಿಸಿದೆ' ಎಂದು ಸಹಿ ಹಾಕಿದವನು ಅವನೇ. ನೇತ್ರಾಗೆ ಅದು ಗೊತ್ತಿದೆಯೋ ಇಲ್ಲವೋ ಎಂದು ಅವಳ ಮುಖ ನೋಡಿದ. ಅವಳು ಕಾಗದವನ್ನೇ ನೋಡುತ್ತಿದ್ದಳು.

ಅವಳ ಕೆಲಸ ಹೇಳುವುದಕ್ಕೆ ಸುಲಭ. ಅಣೆಕಟ್ಟು ಕಟ್ಟದೇ ಇದ್ದಿದ್ದರೆ ತುಂಗಭದ್ರೆಯಲ್ಲಿ ಯಾವ ದಿನ ಎಷ್ಟು ನೀರು ಹರಿಯುತ್ತಿತ್ತು ಎಂದು ಕಂಡುಹಿಡಿಯಬೇಕು. ಸಹಜ ಹರಿವು ಎಂದು ಅದಕ್ಕೆ ಹೆಸರು. ಸಿರುಗುಪ್ಪದಲ್ಲಿ ಅಳೆದ ನೀರಿಗೆ ಮೇಲೆ ಕಾಲುವೆಗಳು ಎಳೆದುಕೊಂಡದ್ದನ್ನು ಸೇರಿಸಬೇಕು, ಜಲಾಶಯ ಹಿಡಿದಿಟ್ಟುಕೊಂಡದ್ದನ್ನು ಸೇರಿಸಬೇಕು, ಬಿಟ್ಟುಕೊಟ್ಟದ್ದನ್ನು ಕಳೆಯಬೇಕು, ಬಿಸಿಲು ಕುಡಿದದ್ದನ್ನೂ ಮರೆಯಬಾರದು. ಇಷ್ಟೆಲ್ಲ ಆದ ಮೇಲೆ ಕಾಗದದ ಮೇಲೆ ಒಂದು ಹೊಳೆ ಹುಟ್ಟುತ್ತದೆ. ಬೇಸಿಗೆಯಲ್ಲಿ ಕೆಳಗಿನ ಊರುಗಳಿಗೆ ಇಷ್ಟು ನೀರು ಬಿಡಲೇಬೇಕು ಎಂದು ಮುಂದೆ ಗೊತ್ತುಮಾಡುವುದು ಆ ಕಾಗದದ ಹೊಳೆಯನ್ನು ನೋಡಿ. ಹೋದ ವರ್ಷ ಈ ನೀರಾವರಿ ಕಚೇರಿಗೆ ಬಂದ ಹುಡುಗಿ, ಕುರುಗೋಡಿನವಳು, ಊಟದ ಡಬ್ಬಿ ತೆರೆಯುವುದನ್ನೂ ಮರೆತು ನಾಲ್ಕು ತಿಂಗಳಿಂದ ಅದನ್ನು ಕಟ್ಟುತ್ತಿದ್ದಳು.

"ಉಳಿದ ಎಲ್ಲಾ ವರ್ಷ ಸರಿ ಬರ್ತೈತ್ರಿ ಸರ್. ಈ ಹನ್ನೊಂದು ವರ್ಷ ಬ್ಯಾಸಿಗ್ಯಾಗ ಮಾತ್ರ ನೀರು ಜಾಸ್ತಿ. ಮ್ಯಾಲೆ ಯಾರೂ ಬಿಡಲಾರದ ನೀರು ಕೆಳಗ ಹರದೈತಿ. ಎರಡು ಸಾವಿರದ ಎರಡರ ಜೂನಿಗೆ ಜಡ್ಡು ಬಿಟ್ಟಂಗ ಒಮ್ಮಿಗೇ ಸರಿ ಆಗಿಬಿಟ್ಟೈತಿ."

ಎರಡು ಸಾವಿರದ ಎರಡರ ಜೂನ್. ಅವನಿಗೆ ಸಿರುಗುಪ್ಪದಿಂದ ಬಳ್ಳಾರಿಗೆ ವರ್ಗವಾದ ತಿಂಗಳು. ಲಾರಿಯಲ್ಲಿ ಸಾಮಾನು ಹಾಕಿಕೊಂಡು, ತುಳಸಿಕಟ್ಟೆಯ ಮಣ್ಣನ್ನು ತಾಯಿಯ ಹಟಕ್ಕೆ ಒಂದು ತಗಡಿನ ಡಬ್ಬಿಯಲ್ಲಿ ತುಂಬಿಕೊಂಡು, ಗಾಂಧಿನಗರದ ಮನೆಗೆ ಬಂದಿದ್ದರು. ತಾಯಿ ವಿಜಯಾಬಾಯಿ ನಲ್ಲಿಯ ಕೆಳಗೆ ಕೊಡ ಇಟ್ಟು, "ಇದೆಂಥಾ ನೀರೋ ಮಧು, ಕೊಳವೆಯೊಳಗೆ ಯಾರ್‍ಯಾರ ಮನೆ ದಾಟಿ ಬರ್ತದೋ" ಎಂದು ಅತ್ತಿದ್ದಳು.

"ಇನ್ನೊಂದು ಮಜಾ ನೋಡ್ರಿ," ಎಂದಳು ನೇತ್ರಾ. ಗೆರೆಯ ಮೇಲೆ ಕೆಂಪು ಪೆನ್ನಿನಿಂದ ಅಲ್ಲಲ್ಲಿ ಗುಂಡಗೆ ಸುತ್ತು ಹಾಕಿದ್ದಳು. "ಹದಿನೈದು ದಿನಕ್ಕೊಮ್ಮೆ, ಒಂದೇ ಒಂದು ದಿನ, ಹೊಳಿ ಸರಿ ಇರ್ತೈತಿ. ಮರುದಿನ ಮತ್ತ ಅದ ಹಾಡು. ಹುಣ್ಣಿವಿಗೆ ಮೂರು ದಿನ ಮೊದಲು, ಅಮಾಸಿಗೆ ಮೂರು ದಿನ ಮೊದಲು. ನಮ್ಮ ಮನ್ಯಾಗ ಹುಣ್ಣಿವಿಗೆ ಬುದ್ಧವಂದನಾ ಇರ್ತೈತ್ರಿ, ಅದಕ್ಕ ನನ್ನ ಲಕ್ಷ್ಯಕ್ಕ ಬಂತು. ಚಂದ್ರಗೂ ನಮ್ಮ ಸಿರುಗುಪ್ಪ ಹೊಳಿಗೂ ಏನು ಸಂಬಂಧ ಸರ್?"

ಸುತ್ತು ಹಾಕಿದ ದಿನಗಳನ್ನು ಮಧುಸೂದನ ಓದಿದ. ತೊಂಬತ್ನಾಲ್ಕರ ಮೇ ತಿಂಗಳ ಒಂದು ದಿನದ ಮೇಲೆ ಅವನ ಕಣ್ಣು ನಿಂತಿತು. ಅದರ ಹಿಂದಿನ ದಿನ ಅವನ ತಂದೆ ತೀರಿಕೊಂಡಿದ್ದರು. ಏಕಾದಶಿ ದಿನ ಹೋದರು, ಪುಣ್ಯವಂತರು ಎಂದು ಬೀದಿಯವರೆಲ್ಲ ಹೇಳಿದ್ದರು. ಹಾಗಾದರೆ ಸುತ್ತು ಹಾಕಿದ್ದು ದ್ವಾದಶಿ. ಅದರ ಮುಂದಿನ ಸುತ್ತೂ ದ್ವಾದಶಿ. ಎಲ್ಲ ಸುತ್ತುಗಳೂ ದ್ವಾದಶಿಗಳೇ. ನೇತ್ರಾಳ ಬೆನ್ನ ಹಿಂದೆಯೇ, ಗೋಡೆಯ ಮೇಲೆ, ಯಾವನೋ ಗುತ್ತಿಗೆದಾರ ಕೊಟ್ಟ ಪಂಚಾಂಗದ ಕ್ಯಾಲೆಂಡರು ತೂಗುತ್ತಿತ್ತು. ದಿನದಿನದ ಕೆಳಗೂ ತಿಥಿ. ಅವಳು ಒಮ್ಮೆ ಹಿಂದೆ ತಿರುಗಿದರೆ ಸಾಕು. ತಿರುಗಬೇಡ ತಾಯಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ.

ತಿರುಗಿದ್ದು ಒಳಗಿನ ಕೋಣೆಯ ಬಾಗಿಲು. ಸಾಹೇಬರು ಉಮಾಪತಿಯವರು ಚಹದ ಲೋಟ ಹಿಡಿದುಕೊಂಡೇ ಬಂದು, ಕಾಗದ ನೋಡಿ ನಕ್ಕುಬಿಟ್ಟರು. "ಹುಣ್ಣಿವಿಗೆ ಸಮುದ್ರ ಉಕ್ಕೋದು ಕೇಳೀನಿ. ಸಿರುಗುಪ್ಪದಾಗ ಹೊಳಿನೂ ಕಲ್ತೈತೇನಮ್ಮ? ಏನಿಲ್ಲ, ಆ ನೀರಿನ ಗೇಜ್ ಓದಾವ ಮನ್ಯಾಗ ಮಲಗಿ ಬಾಯಿಗೆ ಬಂದಂಗ ಬರದಾನ. ಆವಾಗ ಅಲ್ಲಿ ಇನ್‌ಚಾರ್ಜ್ ಇದ್ದಿದ್ದು ನಮ್ಮ ರಾಯರೇ." ಮಧುಸೂದನನ ಹೆಗಲ ಮೇಲೆ ಕೈ ಇಟ್ಟರು. "ರಾಯರ, ಒಂದು ಸ್ಟೇಟ್‌ಮೆಂಟ್ ಬರಕೊಡ್ರಿ. ಓದುವವನ ಬೇಜವಾಬ್ದಾರಿ ಅಂತ. ಹನ್ನೊಂದು ವರ್ಷ ಕಿತ್ತು ಒಗದುಬಿಡೋಣ. ಈಗ ಅಲ್ಲಿ ಅವನ ಮಗ ಅದಾನಲ್ಲ, ಮಾರೇಶ, ದಿನಗೂಲಿ ಮ್ಯಾಲೆ? ಅಪ್ಪನ ಬುದ್ಧಿ ಮಗನಿಗೂ ಇದ್ದೀತು. ಅವನ್ನೂ ಬಿಡಿಸಿ ಮಷೀನ್ ಕೂಡಿಸೋಣ."

"ಸರ್, ಆವಾಗ ಗೇಜ್ ಓದ್ತಿದ್ದ ಮಾರೆಣ್ಣನವರು ಇನ್ನಾ ಅದಾರಂತ, ಕರೂರಾಗ," ಎಂದಳು ನೇತ್ರಾ. ದನಿ ಏರಿಸಲಿಲ್ಲ. "ಅವರನ್ನ ಒಂದು ಮಾತು ಕೇಳಲಾರದ ಅವರ ಹೆಸರು ಬರಿಯಾಕ ನನಗ ಮನಸ್ಸಿಲ್ರಿ."

"ಹಂಗಂದ್ರ ಇವತ್ತ ಹೋಗಿಬರ್ರಿ. ರಾಯರನ್ನೂ ಕರ್ಕೊಂಡು ಹೋಗು, ಅವನಿಗೆ ಇವರ ಗುರುತು ಐತಿ. ಸಂಜೀಕ ಸ್ಟೇಟ್‌ಮೆಂಟ್ ನನ್ನ ಮೇಜಿನ ಮ್ಯಾಲೆ ಇರಬೇಕು."

ಇವರ ಗುರುತು ಐತಿ. ಗುರುತಿಲ್ಲದೆ ಏನು? ಸಿರುಗುಪ್ಪದಲ್ಲಿ ಮಧುಸೂದನನ ಮನೆ ಇದ್ದದ್ದು ಹೊಳೆಗೆ ಇಳಿಯುವ ಮೆಟ್ಟಿಲುಗಳ ನೆತ್ತಿಯಲ್ಲೇ. ನೀರಿನ ಮಟ್ಟ ತೋರಿಸುವ ಅಡಿ-ಅಂಗುಲದ ಹಲಗೆಯನ್ನು ಯಾವ ಪುಣ್ಯಾತ್ಮನೋ ಅದೇ ಮೆಟ್ಟಿಲುಗಳ ಪಕ್ಕಕ್ಕೆ ಹೂಳಿಸಿದ್ದ. ದಿನಾ ಬೆಳಿಗ್ಗೆ ಎಂಟಕ್ಕೆ ಅದನ್ನು ಓದಬೇಕು ಎಂಬುದು ನಿಯಮ. ಆ ಒಂದು ಅಂಕಿಯೇ ಇಡೀ ದಿನದ ಹೊಳೆ. ಎಂಟಕ್ಕೆ ಸರಿಯಾಗಿ ತಾಯಿಯೂ ಬೀದಿಯ ಐದಾರು ಹೆಂಗಸರೂ ಮುಳುಗೆದ್ದು, ಒದ್ದೆ ಸೀರೆಯಲ್ಲಿ, ಮಡಿನೀರಿನ ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಒಂದು ದಿನ ಮಾರೆಣ್ಣ ಹಲಗೆ ಓದಿ, ಮೊಣಕಾಲಿನವರೆಗೆ ನೆನೆದ ಕಾಲಿನಲ್ಲಿ, ಬೇರೆ ದಾರಿ ಇಲ್ಲದ್ದಕ್ಕೆ ಅದೇ ಮೆಟ್ಟಿಲು ಹತ್ತಿದ್ದ. ಅವನ ಕಾಲಿನ ನೀರು ಕಲ್ಲಿನ ಮೇಲೆ ಬಿದ್ದಿತು. ತಾಯಿ ಒಂದು ಮಾತೂ ಆಡದೆ ಕೊಡವನ್ನು ಹೊಳೆಗೆ ಸುರಿದು, ಮತ್ತೆ ಇಳಿದು ಮುಳುಗಿದಳು. ಆ ವಾರ ಹಾಗೆ ಮೂರು ಸಲ ಆಯಿತು. ಪುಷ್ಯಮಾಸದ ಚಳಿ, ಜ್ವರ ಬಂತು. ಕಂಬಳಿ ಹೊದ್ದು ಮಲಗಿದ್ದವಳು, ಬೈಯಲಿಲ್ಲ, ಅಳಲಿಲ್ಲ, ಸಕ್ಕರೆ ಸಾಲ ಕೇಳುವಷ್ಟು ಮೆತ್ತಗೆ ಕೇಳಿದಳು: "ಅವನಿಗೆ ಆಮೇಲೆ ಬಾ ಅನ್ನೋಕ್ಕಾಗಲ್ವೇನೋ ಮಧು? ಹೊಳೆ ಎಲ್ಲಿಗೆ ಓಡಿಹೋಗ್ತದೆ?"

ಮರುದಿನ ಅವನು ಮೆಟ್ಟಿಲುಗಳಿಂದಾಚೆ, ಹುಣಸೆಮರದ ಕೆಳಗೆ ಮಾರೆಣ್ಣನನ್ನು ನಿಲ್ಲಿಸಿ ಹೇಳಿದ್ದ. ಹನ್ನೊಂದಕ್ಕೆ ಬಾ. ಪುಸ್ತಕದಲ್ಲಿ ಎಂಟು ಅಂತ ಬರಿ. ಯಾರು ಕೇಳಿದರೂ ಎಂಟು ಅನ್ನು. ಮಾರೆಣ್ಣ ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಒಂದು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದ, ಬೆಳಿಗ್ಗೆ ಮಂಜು ಇರುತ್ತದೆ, ಹಲಗೆ ಸರಿಯಾಗಿ ಕಾಣುವುದಿಲ್ಲ ಎಂದು. ಅದನ್ನು ಹೇಳುವ ಪ್ರಸಂಗವೇ ಬರಲಿಲ್ಲ. "ಆತ್ರೀ ಆಚಾರ್ರ" ಎಂದು ಮಾರೆಣ್ಣ ಹೋಗಿಬಿಟ್ಟ. ಎಷ್ಟು ಸಲೀಸಾಗಿ ಆಯಿತು ಎಂದು ಮಧುಸೂದನನಿಗೆ ಖುಷಿಯೇ ಆಗಿತ್ತು. ಬೇಸಿಗೆಯಲ್ಲಿ ಅಣೆಕಟ್ಟಿನಿಂದ ದಿನಕ್ಕೊಮ್ಮೆ ಬಿಡುವ ನೀರು ದಾರಿ ನಡೆದು ಸಿರುಗುಪ್ಪ ಮುಟ್ಟುವಷ್ಟರಲ್ಲಿ ಬೆಳಿಗ್ಗೆ ಒಂಬತ್ತು ದಾಟುತ್ತಿತ್ತು, ಎಂಟಕ್ಕೆ ಕಲ್ಲು ತೋರಿಸುವ ಹೊಳೆ ಹನ್ನೊಂದಕ್ಕೆ ಮುಕ್ಕಾಲು ಅಡಿ ಏರಿರುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಮುಕ್ಕಾಲು ಅಡಿ ತಾನೇ, ಯಾರು ಕೇಳುತ್ತಾರೆ ಅಂದುಕೊಂಡಿದ್ದ. ಮೂವತ್ತಕ್ಕೂ ಮಿಕ್ಕಿ ವರ್ಷ ಯಾರೂ ಕೇಳಿರಲಿಲ್ಲ.

ಮಾರೆಣ್ಣ ದ್ವಾದಶಿ ದಿನ ಎಂಟಕ್ಕೇ ಓದುತ್ತಿದ್ದ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಇವತ್ತು, ಕೆಂಪು ಸುತ್ತುಗಳನ್ನು ನೋಡಿ, ಗೊತ್ತಾಯಿತು. ಏಕಾದಶಿಯ ಉಪವಾಸ ಮುಗಿಸಿ ಪಾರಣೆ ಮಾಡಬೇಕಾದ್ದರಿಂದ ದ್ವಾದಶಿ ದಿನ ಹೆಂಗಸರು ನಸುಕಿನಲ್ಲೇ ಸ್ನಾನ ಮುಗಿಸುತ್ತಿದ್ದರು. ಏಳಕ್ಕೆಲ್ಲ ಊಟವೇ ಆಗಿರುತ್ತಿತ್ತು. ಮೆಟ್ಟಿಲು ಖಾಲಿ. ಖಾಲಿ ಇದ್ದ ದಿನ ಮಾರೆಣ್ಣ ಇಳಿದು, ನಿಯಮದಂತೆ ಎಂಟಕ್ಕೆ ಓದಿದ್ದಾನೆ. ಯಾರೂ ಹೇಳದೆ. ಹದಿನೈದು ದಿನಕ್ಕೊಂದು ಖರೇ ಅಂಕಿ. ಅವನ ಒಳ್ಳೆಯತನವೇ ಈಗ ತನ್ನ ಕುತ್ತಿಗೆಗೆ ಬಂತಲ್ಲ ಎಂದು ಮಧುಸೂದನನಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಹೆದರಿಕೆ ಮತ್ತೆ ಬಂದು ಕೂತಿತು.

ಜೀಪು ಕುರುಗೋಡಿನ ದಾರಿ ಹಿಡಿಯಿತು. ಹಳೆಯ ಪುಸ್ತಕಗಳು ಅಲ್ಲಿನ ಗೋದಾಮಿನಲ್ಲಿವೆ, ನೋಡಿಕೊಂಡೇ ಕರೂರಿಗೆ ಹೋಗೋಣ ಎಂದು ನೇತ್ರಾ ಹೇಳಿದ್ದಳು. ಅವಳು ಡ್ರೈವರ್ ಅಯ್ಯಣ್ಣನ ಪಕ್ಕ ಕೂತು, ಅವನ ಮಗಳ ಶಾಲೆಯ ವಿಚಾರ ಮಾತಾಡುತ್ತಿದ್ದಳು. ಹಿಂದೆ ಒಬ್ಬನೇ ಕೂತ ಮಧುಸೂದನ ಅವಳ ಜಡೆಯನ್ನೇ ನೋಡುತ್ತಾ, ಈಗ ಹೇಳಿಬಿಡಲೇ ಎಂದುಕೊಂಡ. ಹೇಳುವುದಾದರೆ ಹೇಗೆ ಶುರುಮಾಡುವುದು? ನೋಡಮ್ಮ ನೇತ್ರಾ, ಆಗಿನ ಕಾಲ ಹಾಗಿತ್ತು. ಆಗಿನ ಕಾಲ ಅಂದರೆ ಯಾವ ಕಾಲ? ಟೀವಿ ಇತ್ತು, ಟೆಲಿಫೋನು ಇತ್ತು, ಗೋಡೆಯ ಮೇಲೆ ಅಂಬೇಡ್ಕರರ ಫೋಟೋ ಇತ್ತು, ಅದಕ್ಕೆ ಹಾರ ಹಾಕುವ ದಿನ ಅವನೇ ಭಾಷಣ ಮಾಡಿದ್ದ. ಮನೆಯಲ್ಲಿ ವಯಸ್ಸಾದವರು, ಅವರ ಮನಸ್ಸು ನೋಯಿಸಬಾರದು ಅಂತ. ತಾಯಿಗೆ ಆಗ ಐವತ್ತನಾಲ್ಕು. ಅವನಿಗೆ ಈಗ ಆಗಿರುವುದಕ್ಕಿಂತ ಐದು ಕಡಿಮೆ. ಅಟ್ರಾಸಿಟಿ ಕೇಸು ಎಂಬ ಮಾತು ಅವನ ತಲೆಯೊಳಗೆ ಗಂಟೆ ಹೊಡೆದಂತೆ ಹೊಡೆಯುತ್ತಿತ್ತು. ನಿವೃತ್ತಿಗೆ ಮೂರು ತಿಂಗಳು. ಪೊಲೀಸಿನವನೊಬ್ಬ ಗಾಂಧಿನಗರದ ಮನೆಯ ತುಳಸಿಕಟ್ಟೆಯ ಹತ್ತಿರ ಬೂಟು ಹಾಕಿಕೊಂಡು ನಿಂತು, ಏನಮ್ಮಾ, ನೀನೇನಾ ವಿಜಯಾಬಾಯಿ ಎಂದು ಕೇಳುವುದು ಅವನಿಗೆ ಕಂಡೇಬಿಟ್ಟಿತು. ಎಂಬತ್ತೇಳರ ಮುದುಕಿ ಅವನಿಗೆ ಸುಳ್ಳು ಹೇಳುವವಳಲ್ಲ. ನಮ್ಮ ಮಧು ಎಷ್ಟು ಚೆನ್ನಾಗಿ ವ್ಯವಸ್ಥೆ ಮಾಡಿದ್ದ ಅಂತೀರಿ ಎಂದು ಹೆಮ್ಮೆಯಿಂದಲೇ ಹೇಳಿಬಿಡುತ್ತಾಳೆ.

ಆ ಪುಸ್ತಕಗಳನ್ನು ಗೆದ್ದಲು ತಿಂದಿರಲಿ ಎಂದು ದಾರಿಯುದ್ದಕ್ಕೂ ಮಂತ್ರಾಲಯದ ರಾಯರನ್ನು ಬೇಡಿಕೊಂಡಿದ್ದ. ಅಲ್ಲಿಗೇ ಬಂದು ಉರುಳುಸೇವೆ ಮಾಡುತ್ತೇನೆ ಎಂದೂ ಹೇಳಿಕೊಂಡಿದ್ದ. ಗೋದಾಮಿನ ಕಬ್ಬಿಣದ ಪೆಟ್ಟಿಗೆಯಿಂದ ನೇತ್ರಾ ಒಂದೊಂದೇ ಪುಸ್ತಕ ತೆಗೆದು ಧೂಳು ಕೊಡವಿದಳು. ಒಂದು ಹಾಳೆಗೂ ಏನೂ ಆಗಿರಲಿಲ್ಲ. ಪುಟಪುಟದಲ್ಲೂ ಮಾರೆಣ್ಣನ ದಪ್ಪ ಅಕ್ಷರ: ತಾರೀಕು, ೮.೦೦, ಅಡಿ, ಅಂಗುಲ. ೮.೦೦, ೮.೦೦, ೮.೦೦. ಹನ್ನೊಂದು ಎಂಬುದು ಎಲ್ಲಿಯೂ ಇಲ್ಲ. ಪ್ರತಿ ಪುಟದ ಕೆಳಗೆ ಮಧುಸೂದನನ ಎಳೆಯ ವಯಸ್ಸಿನ ಸಹಿ, ಬಾಲ ಉದ್ದ ಬಿಟ್ಟದ್ದು. ಮಧುಸೂದನನ ಉಸಿರು ನಿರಾಳವಾಯಿತು. ಅವನ ಹೆಸರಿಗೆ ಮಸಿ ಹತ್ತುವಂಥದ್ದು ಇಲ್ಲಿ ಏನೂ ಇಲ್ಲ. ಬರೆದವನು ಮಾರೆಣ್ಣ, ಸಮಯ ಹಾಕಿದವನು ಮಾರೆಣ್ಣ, ತಪ್ಪಿದ್ದರೆ ಮಾರೆಣ್ಣನದು. ಎಷ್ಟು ನಿರಾಳವಾಯಿತೆಂದರೆ ಬಾಗಿಲಿನ ಚೌಕಟ್ಟು ಹಿಡಿದು ನಿಲ್ಲಬೇಕಾಯಿತು. ತನ್ನ ಬಗ್ಗೆ ಅವನಿಗೆ ಆ ದಿನ ಮೊದಲ ಸಲ ಅಸಹ್ಯವಾದದ್ದು ಆಗಲೇ.

"ಸರ್, ಇದೇನಿದು ಚುಕ್ಕಿ?"

ಕೆಲವು ಎಂಟುಗಳ ಪಕ್ಕದಲ್ಲಿ, ಸೊನ್ನೆಗಳಾದ ಮೇಲೆ, ಪೆನ್ಸಿಲಿನ ಒಂದು ಸಣ್ಣ ಚುಕ್ಕಿ ಇತ್ತು. ನೇತ್ರಾ ತನ್ನ ಪಟ್ಟಿ ತೆಗೆದು ಹೋಲಿಸಿದಳು. ಹೊಳೆ ಸರಿಯಿದ್ದ ದಿನಗಳಿಗೆಲ್ಲ ಚುಕ್ಕಿ. ಒಂದೂ ತಪ್ಪಿಲ್ಲ. ಹನ್ನೊಂದು ವರ್ಷ, ಐನೂರೈವತ್ತಕ್ಕೂ ಮಿಕ್ಕಿ ವಾರ, ಈ ಪುಟಗಳ ಮೇಲೆ ಅವನು ಸಹಿ ಹಾಕಿದ್ದಾನೆ, ಪರಿಶೀಲಿಸಿದೆ ಎಂದು ಬರೆದಿದ್ದಾನೆ. ಇದು ಖರೇ ಇದು ಸುಳ್ಳು ಎಂದು ಒಬ್ಬ ಮನುಷ್ಯ ಅವನ ಮೂಗಿನ ಕೆಳಗೇ ಗುರುತು ಮಾಡಿಟ್ಟಿದ್ದು ಅವನ ಕಣ್ಣಿಗೆ ಬಿದ್ದಿರಲಿಲ್ಲ.

"ಪೆನ್ಸಿಲ್ ತಾಗಿರಬೇಕಮ್ಮ," ಎಂದ.

ನೇತ್ರಾ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಪುಟಗಳ ಫೋಟೋ ತೆಗೆದುಕೊಂಡಳು.

ಕರೂರು ಮುಟ್ಟಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಕಾಲುವೆಯಲ್ಲಿ ನೀರಿರಲಿಲ್ಲ, ಕೊಯ್ದ ಬತ್ತದ ಗದ್ದೆಗಳಲ್ಲಿ ಕೂಳೆ ನಿಂತಿತ್ತು. ಮಾರೆಣ್ಣನ ಮನೆ ಕೇರಿಯ ಕೊನೆಗೆ, ಬಣ್ಣ ಹೊಡೆದ ಮನೆ, ಮುಂದೆ ಬೇವಿನ ಗಿಡ. ಮಗ ಮಾರೇಶ, ಮೂವತ್ತೈದರ ಆಳು, ಬೆಳಗಿನ ಗೇಜ್ ಓದಿ ಬಂದವನು ಪ್ಯಾಂಟು ಇನ್ನೂ ಮೊಣಕಾಲಿನವರೆಗೆ ಮಡಚಿಕೊಂಡೇ ಇದ್ದ. ಜೀಪು ನೋಡಿ ಕುರ್ಚಿ ತಂದಿಟ್ಟ. ಒಳಗಿನಿಂದ ಮಾರೆಣ್ಣ ಗೋಡೆ ಹಿಡಿದುಕೊಂಡು ಬಂದ. ಮುಖ ಬತ್ತಿತ್ತು, ಕಿವಿಯ ಮೇಲೆ ಬಿಳಿ ಕೂದಲು ಬಂದಿತ್ತು. ಮಧುಸೂದನನನ್ನು ಕಂಡವನೇ ಹೆಗಲ ಮೇಲಿನ ಟವಲನ್ನು ಕೈಗೆ ತೆಗೆದುಕೊಂಡ.

"ಆಚಾರ್ರು! ಬರ್ರಿ, ಬರ್ರಿ. ಅಮ್ಮಾರು ಆರಾಮ ಅದಾರೇನ್ರಿ?"

"ಇದ್ದಾರೆ," ಎಂದ ಮಧುಸೂದನ. "ನೀನು ಕೂತ್ಕೋ ಮಾರೆಣ್ಣ."

ಮಾರೆಣ್ಣ ಕೂರಲಿಲ್ಲ. ನೇತ್ರಾ ಎದ್ದು, ತನ್ನ ಕುರ್ಚಿಯನ್ನು ಅವನ ಹಿಂದೆ ಸರಿಸಿ, ತಾನು ಕಟ್ಟೆಯ ಮೇಲೆ ಕೂತ ಮೇಲೆ ಕೂತ. ಅವಳು ನಿಧಾನವಾಗಿ ಎಲ್ಲ ಹೇಳಿದಳು. ಹೊಳೆಯ ಲೆಕ್ಕ ತಪ್ಪುತ್ತಿರುವುದು. ಓದಿದವರದೇ ತಪ್ಪು ಎಂದು ವರದಿಯಲ್ಲಿ ಬರೆಯಲು ಹೊರಟಿರುವುದು. ಮಾರೇಶನ ಕೆಲಸಕ್ಕೂ ಅದರಿಂದ ಸಂಚಕಾರ ಇರುವುದು. ಯಾವುದನ್ನೂ ಮುಚ್ಚಿಡಲಿಲ್ಲ.

"ಎಪ್ಪಾ, ನೀವು ದಿನಾ ಎಷ್ಟೊತ್ತಿಗೆ ಓದ್ತಿದ್ರಿ? ನನ್ನ ಮುಂದ ಹೇಳ್ರಿ. ಹೆದರಬ್ಯಾಡ್ರಿ."

ಮಾರೆಣ್ಣ ಮಧುಸೂದನನ ಮುಖ ನೋಡಿದ. ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಆಪಾದನೆ ಇರಲಿಲ್ಲ. ಅಪ್ಪಣೆ ಕೇಳುವವರು ನೋಡುವಂತೆ ನೋಡಿದ. ಮಧುಸೂದನ ಕಣ್ಣು ತಗ್ಗಿಸಿದ.

"ಎಂಟಕ್ಕ," ಎಂದ ಮಾರೆಣ್ಣ.

"ದಿನಾ?"

"ದಿನಾ ಎಂಟಕ್ಕರೀ ತಾಯಿ."

"ಎಪ್ಪಾ, ಖರೇ ಹೇಳು," ಎಂದ ಮಾರೇಶ. "ನನ್ನ ಕೆಲಸ ಹೊಕ್ಕೈತಿ. ಅವರು ನಿನ್ನ ಕಳ್ಳ ಅಂತ ಬರಿಯಾಕ ಹತ್ಯಾರ. ನಿನಗ ಏನೂ ಅನಸಂಗಿಲ್ಲೇನು?"

"ಎಂಟಕ್ಕಲೇ. ಒಮ್ಮಿ ಹೇಳಿದ್ರ ತಿಳಿಯಂಗಿಲ್ಲೇನು?"

ನೇತ್ರಾ ಮೊಬೈಲಿನಲ್ಲಿ ಚುಕ್ಕಿಗಳ ಫೋಟೋ ತೋರಿಸಿದಳು. ಮಾರೆಣ್ಣ ಬಹಳ ಹೊತ್ತು ನೋಡಿದ. ತನ್ನದೇ ಅಕ್ಷರ ಅಷ್ಟು ದೊಡ್ಡದಾಗಿ ಕಂಡದ್ದಕ್ಕೆ ಅವನ ಮುಖ ಒಂದಿಷ್ಟು ಅರಳಿದಂತಾಗಿ ಮತ್ತೆ ಮುಚ್ಚಿಕೊಂಡಿತು. "ಏನೋ ತಾಯಿ. ಪೆನ್ಸಿಲ್ ತಾಗಿರಬೇಕು," ಎಂದ. ತಾನು ಗೋದಾಮಿನಲ್ಲಿ ಆಡಿದ ಮಾತೇ ಅವನ ಬಾಯಲ್ಲಿ ಬಂದದ್ದು ಕೇಳಿ ಮಧುಸೂದನ ತಲೆಯೆತ್ತಿದ. ಈ ಮನುಷ್ಯ ಹೇಳುವುದಿಲ್ಲ. ಮಗನ ಅನ್ನ ಹೋದರೂ ಹೇಳುವುದಿಲ್ಲ. ಸಂಜೆಗೆ ಸ್ಟೇಟ್‌ಮೆಂಟ್ ಬರೆದುಕೊಟ್ಟರೆ ಮುಗಿಯಿತು, ಆಗಸ್ಟಿನಲ್ಲಿ ಹಾರ ಹಾಕಿ ಕಳಿಸುತ್ತಾರೆ. ಬದುಕಿದೆ ಎಂದು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಬಾವಿಯ ಕಟ್ಟೆಯ ಮೇಲೆ ಕೂತವನನ್ನು ಹಿಂದಿನಿಂದ ಯಾರೋ ಮುಟ್ಟಿದಂತೆ ಎದೆ ಹೊಡೆದುಕೊಳ್ಳುತ್ತಿತ್ತು.

ಮಾರೆಣ್ಣನ ಹೆಂಡತಿ ಉಚ್ಚೆಂಗೆಮ್ಮ ಸ್ಟೀಲಿನ ತಟ್ಟೆಯಲ್ಲಿ ಚಹದ ಲೋಟಗಳನ್ನು ತಂದಳು. ಮಧುಸೂದನನ ಮುಂದೆ ಬಂದು ನಿಂತಳು, ಹಿಡಿದರೆ ಹಿಡಿಯಲಿ ಬಿಟ್ಟರೆ ಬಿಡಲಿ ಎಂಬಂತೆ. ನೇತ್ರಾ ನೋಡುತ್ತಿದ್ದಳು. ಮಾರೇಶ ನೋಡುತ್ತಿದ್ದ. ಇವತ್ತು ನನಗೆ ಏಕಾದಶಿ, ನೀರೂ ಕುಡಿಯುವುದಿಲ್ಲ ಎಂಬುದು ಸತ್ಯವಾದ ಮಾತು. ಆದರೆ ಈ ಮನೆಯಲ್ಲಿ ಕೂತು ಅದನ್ನು ಯಾವ ಬಾಯಲ್ಲಿ ಹೇಳುವುದು? ಯಾರು ನಂಬುತ್ತಾರೆ? ನಲವತ್ತು ವರ್ಷದಿಂದ ತಪ್ಪಿಸದ ಉಪವಾಸವನ್ನು ಅವನು ಪ್ರೀತಿಯಿಂದ ಅಲ್ಲ, ಪಶ್ಚಾತ್ತಾಪದಿಂದಲೂ ಅಲ್ಲ, ಬರೀ ಹೆದರಿಕೆಯಿಂದ ಮುರಿಯಲು ಕೈ ಚಾಚಿದ. ಲೋಟ ಎತ್ತಿ ತುಟಿಗೆ ತಂದ.

"ಬ್ಯಾಡ್ರಿ, ಬ್ಯಾಡ್ರಿ!" ಮಾರೆಣ್ಣ ಗಾಬರಿಯಿಂದ ಎದ್ದುಬಿಟ್ಟ. "ಇವತ್ತು ಏಕಾದಶಿ ಅಲ್ರೀ ಆಚಾರ್ರ? ನೀವು ಬಾಯಾಗ ಹನಿ ನೀರು ಹಾಕಂಗಿಲ್ಲಲ್ಲ. ಲೇ ಉಚ್ಚೆಂಗಿ, ಒಳಗ ಒಯ್ಯಿ ಅದನ್ನ. ಅವರದು ನಾಳಿ ನಸುಕಿನ್ಯಾಗ ಊಟ. ದ್ವಾದಶಿ."

ಉಚ್ಚೆಂಗೆಮ್ಮ ಲೋಟ ತೆಗೆದುಕೊಂಡಳು. ನೇತ್ರಾ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದಳು, ಮಾರೆಣ್ಣನನ್ನು ನೋಡಿದಳು.

"ಎಪ್ಪಾ, ಏಕಾದಶಿ ದ್ವಾದಶಿ ನಿಮಗೆ ಹೆಂಗ ಗೊತ್ತು?"

ಆಡಬಾರದ್ದು ಆಡಿದೆನೆಂದು ಮಾರೆಣ್ಣನಿಗೆ ತಿಳಿಯಿತು, ಟವಲನ್ನು ಹಿಂಡತೊಡಗಿದ. ಅವಳು ಮಧುಸೂದನನ ಕಡೆ ತಿರುಗಿದಳು. "ಈ ದಿನಗಳೆಲ್ಲಾ ದ್ವಾದಶಿನಾ ಸರ್?" ಕೇಳಿದ್ದು ಅಷ್ಟೇ. ಅವಳಿಗೆ ಉಳಿದದ್ದೆಲ್ಲ ಆಗಲೇ ಅರ್ಥವಾಗಿತ್ತು. ಸಿರುಗುಪ್ಪದ ಆ ಮೆಟ್ಟಿಲುಗಳನ್ನು ಅವಳು ನೋಡಿದ್ದಾಳೆ, ಮೇಲಿನ ಬೀದಿ ಯಾರದೆಂದೂ ಅವಳಿಗೆ ಗೊತ್ತು.

"ಹೌದು," ಎಂದ ಮಧುಸೂದನ. ಆಮೇಲೆ, ಯಾರೋ ಹಿಂದಿನಿಂದ ತಳ್ಳಿದಂತೆ, "ಉಳಿದ ದಿನ ಹನ್ನೊಂದಕ್ಕೆ ಓದ್ತಿದ್ದ. ನಾನೇ ಹೇಳಿದ್ದು. ಎಂಟು ಅಂತ ಬರೆಸಿದ್ದೂ ನಾನೇ," ಎಂದುಬಿಟ್ಟ.

ನೇತ್ರಾ ಚೀಲದಿಂದ ಸ್ಟೇಟ್‌ಮೆಂಟಿನ ಹಾಳೆ ತೆಗೆದು ಕೊಟ್ಟಳು. "ಬರೀರಿ ಸರ್." ಅವನು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ಮೂವತ್ತೈದು ವರ್ಷದ ಕಚೇರಿಯ ಅಭ್ಯಾಸದಲ್ಲಿ ಸಲೀಸಾಗಿ ಬರೆದ. ಸದರಿ ಅವಧಿಯಲ್ಲಿ ಮಾಪನದ ಸಮಯವನ್ನು ನನ್ನ ಮೌಖಿಕ ಸೂಚನೆಯ ಮೇರೆಗೆ ಬೆಳಿಗ್ಗೆ ಎಂಟರ ಬದಲು ಹನ್ನೊಂದಕ್ಕೆ ಬದಲಾಯಿಸಲಾಗಿದ್ದು, ಓದುಗರಾದ ಮಾರೆಣ್ಣ ಇವರದು ಯಾವುದೇ ಲೋಪವಿರುವುದಿಲ್ಲ. ಕಾರಣ ಎಂಬಲ್ಲಿ ಪೆನ್ನು ಒಂದು ಕ್ಷಣ ನಿಂತು, ಆಡಳಿತಾತ್ಮಕ ಎಂದು ಬರೆಯಿತು. ಸಹಿ ಹಾಕಿದ. ಮಾರೇಶ ಹಾಳೆ ಇಸಿದುಕೊಂಡು ತಂದೆಗೆ ಕೇಳುವಂತೆ ಗಟ್ಟಿಯಾಗಿ ಓದಿದ. ಮಾರೇಶನ ಕೆಲಸ ಉಳಿಯಿತು, ಮಾರೆಣ್ಣನ ಹೆಸರು ಉಳಿಯಿತು. ಇಷ್ಟು ಸಾಕಲ್ಲ ಎಂದು ಮಧುಸೂದನ ಒಳಗೊಳಗೇ ಯಾರನ್ನೋ ಕೇಳುತ್ತಿದ್ದ.

"ಆಡಳಿತಾತ್ಮಕ ಅಂದ್ರ ಏನ್ರಿ ಆಚಾರ್ರ?" ಎಂದ ಮಾರೆಣ್ಣ.

ಮಾರೇಶನಿಗೆ ಅರ್ಥ ಗೊತ್ತಿತ್ತು, ನೇತ್ರಾಗೆ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಮಾರೆಣ್ಣ ಕುತ್ತಿಗೆ ಒಂದಿಷ್ಟು ಮುಂದೆ ಚಾಚಿ, ಕಿವಿ ಮಂದವಾದವರು ಕಾಯುವಂತೆ ಕಾಯುತ್ತಿದ್ದ. ಬೆಳಗಿನಿಂದ ಕೋರ್ಟಿಗೆ, ಪೊಲೀಸಿಗೆ, ಸಾಹೇಬರಿಗೆ, ತಾಯಿಗೆ ಹೆದರಿದ್ದ ಮಧುಸೂದನನಿಗೆ ಆ ಹೆದರಿಕೆಗಳೆಲ್ಲ ಎಷ್ಟು ಹಗುರವಾಗಿದ್ದವು ಎನ್ನಿಸಿತು. ಎರಡು ಮೊಳ ದೂರದಲ್ಲಿದ್ದ ಈ ಮುಖಕ್ಕೆ ಹೆದರಿದಂತೆ ಅವನು ಯಾವುದಕ್ಕೂ ಹೆದರಿರಲಿಲ್ಲ. ಯಾಕೆ ಎಂದು ಕೇಳದೇ ಹೋದವನು, ಮೂವತ್ತು ವರ್ಷ ತಡವಾಗಿ, ಕೇಳುತ್ತಿದ್ದ. ಮಂಜಿನ ಸುಳ್ಳು ಈಗಲೂ ನಾಲಿಗೆಯ ತುದಿಯವರೆಗೆ ಬಂತು.

"ಅಂದರೆ, ನೀನು ಇಳಿದ ಮೆಟ್ಟಿಲಲ್ಲಿ ನಮ್ಮವರು ನೀರು ತರ್ತಿರಲಿಲ್ಲ ಮಾರೆಣ್ಣ. ನಮ್ಮ ತಾಯಿ. ನಮಗೆ ಮೈಲಿಗೆ ಆಗ್ತಿತ್ತು. ನಿನ್ನಿಂದ. ಅದಕ್ಕೇ."

ಬೇವಿನ ಗಿಡದ ಕೆಳಗೆ ಅಯ್ಯಣ್ಣ ಜೀಪಿನ ಬಾಗಿಲು ಹಾಕಿದ ಸದ್ದಾಯಿತು. ಮಾರೆಣ್ಣ ತಲೆಯಾಡಿಸಿದ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಅದು ನನಗ ಗೊತ್ತೈತ್ರಿ," ಎಂದ. "ಆವತ್ತ ಗೊತ್ತಿತ್ತು. ಇದನ್ನ ಓದಾವರಿಗೆ ಗೊತ್ತಾಗಬೇಕಲ್ಲ. ಬರೀರಿ."

ಮಗನ ಕೈಯಿಂದ ಹಾಳೆ ತೆಗೆದುಕೊಂಡು ಅವನೇ ಮಧುಸೂದನನ ಮುಂದೆ ಹಿಡಿದ. ಮಧುಸೂದನ ಆ ಒಂದು ಶಬ್ದವನ್ನು ಹೊಡೆದುಹಾಕಿ, ಅದರ ಮೇಲಿದ್ದ ಸಣ್ಣ ಜಾಗದಲ್ಲಿ ಬರೆಯತೊಡಗಿದ. ಜಾಗ ಸಾಲಲಿಲ್ಲ. ಹಾಳೆ ತಿರುವಿ ಹಿಂದಿನ ಪುಟದಲ್ಲಿ ಮೊದಲಿನಿಂದ ಬರೆದ. ಹೆದರಿಕೆ ಹೋಗಿರಲಿಲ್ಲ, ಅಕ್ಷರಗಳು ಸೊಟ್ಟಗಾಗುತ್ತಿದ್ದವು, ಮತ್ತು ಮಾರೆಣ್ಣ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಅವನ ಹೆಗಲಿಗೆ ಹೆಗಲು ತಾಗುವಷ್ಟು ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ.